ಆಟ ತಡವರಿಸದಂತೆ ಪಿಸಿ ಹದಗೊಳಿಸುವುದು: ಎಫ್‌ಪಿಎಸ್ ಅಳತೆಯಿಂದ ಗ್ರಾಫಿಕ್ಸ್ ಸೆಟ್ಟಿಂಗ್‌ವರೆಗೆ

"ಸೆಟ್ಟಿಂಗ್ ಎಲ್ಲಾ ಲೋಗೆ ಇಳಿಸಿದೆ, ಆದರೂ ಆಟ ತಡವರಿಸುತ್ತಿದೆ." ಮಡಿಕೇರಿಯಿಂದ ಗೋಣಿಕೊಪ್ಪದವರೆಗೆ ಪಿಸಿಯಲ್ಲಿ ಆಡುವವರ ದೂರು ಹೆಚ್ಚುಕಡಿಮೆ ಇದೇ. ಗ್ರಾಫಿಕ್ಸ್ ಕಾರ್ಡಿಗೆ ವಯಸ್ಸಾಯಿತು ಎಂದುಕೊಂಡು ಹೊಸದಕ್ಕೆ ದುಡ್ಡು ಹೊಂದಿಸಲು ಹೊರಡುತ್ತಾರೆ. ಬಹಳಷ್ಟು ಸಲ ತಪ್ಪು ಕಾರ್ಡಿನದಲ್ಲ, ಕೆಲಸ ಮಾಡಿದ ಕ್ರಮದ್ದು. ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಎಷ್ಟು ಚಿತ್ರ) ಅಳೆಯದೆ ಸೆಟ್ಟಿಂಗ್‌ಗೆ ಕೈ ಹಾಕಿದರೆ ಯಾವುದು ಉಪಯೋಗಕ್ಕೆ ಬಂತು, ಯಾವುದು ಸುಮ್ಮನೆ ಚಿತ್ರವನ್ನು ಕೆಡಿಸಿತು ಎಂದು ಗೊತ್ತೇ ಆಗುವುದಿಲ್ಲ.

ಹಾಗಾಗಿ ಕೆಳಗಿನ ಹಂತಗಳನ್ನು ಇದ್ದ ಕ್ರಮದಲ್ಲೇ ಮಾಡಿ. ಗ್ರಾಫಿಕ್ಸ್ ಮೆನು ಬರುವುದು ಆರನೇ ಹಂತದಲ್ಲಿ. ಅಲ್ಲಿಗೆ ಮುಟ್ಟುವ ಮೊದಲೇ ಅನೇಕರ ತೊಂದರೆ ಬಗೆಹರಿದಿರುತ್ತದೆ.

## ಬೇಕಾಗುವ ಸಲಕರಣೆ

ಆಟದ ಮೇಲೆಯೇ ಅಂಕಿಗಳನ್ನು ತೋರಿಸಲು ಎಂಎಸ್‌ಐ ಆಫ್ಟರ್‌ಬರ್ನರ್ ಮತ್ತು ಅದರ ಜೊತೆಗೇ ಬರುವ ರಿವಾಟ್ಯೂನರ್. ತಾಪ ಮತ್ತು ಕ್ಲಾಕ್ (ಚಿಪ್ ಓಡುವ ವೇಗ) ನೋಡಲು ಎಚ್‌ಡಬ್ಲ್ಯೂಇನ್ಫೋ. ಅಳತೆಯನ್ನು ದಾಖಲಿಸಿ ಹೋಲಿಸಲು ಕ್ಯಾಪ್‌ಫ್ರೇಮ್‌ಎಕ್ಸ್ ಇದ್ದರೆ ಇನ್ನೂ ಅನುಕೂಲ. ನಾಲ್ಕೂ ಉಚಿತ. ಆಫ್ಟರ್‌ಬರ್ನರ್ ಹೆಸರಿನಲ್ಲಿ ವೈರಸ್ ತುಂಬಿದ ನಕಲಿ ತಾಣಗಳಿವೆ. ಗೂಗಲ್ ಹುಡುಕಾಟದ ಜಾಹೀರಾತು ಕೊಂಡಿಯನ್ನು ಒತ್ತದೆ, ತಯಾರಕರ ತಾಣದಿಂದಲೇ ಇಳಿಸಿಕೊಳ್ಳಿ.

ಇವುಗಳ ಜೊತೆಗೆ ಒಂದು ಮೆತ್ತನೆಯ ಬ್ರಷ್, ಗಾಳಿ ಊದುವ ಬ್ಲೋವರ್, ಒಂದು ನೋಟ್‌ಬುಕ್. ಕೊನೆಯದನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ನಿನ್ನೆ ಶ್ಯಾಡೋ (ನೆರಳು) ಮೀಡಿಯಂನಲ್ಲಿ ಎಷ್ಟು ಎಫ್‌ಪಿಎಸ್ ಬಂದಿತ್ತು ಎಂಬುದು ಇವತ್ತು ನೆನಪಿರುವುದಿಲ್ಲ, ನೆನಪಿದೆ ಎಂದುಕೊಂಡದ್ದು ತಪ್ಪಿರುತ್ತದೆ.

ಏನನ್ನೂ ಇನ್‌ಸ್ಟಾಲ್ ಮಾಡಲು ಇಷ್ಟವಿಲ್ಲದಿದ್ದರೆ ಸ್ಟೀಮ್‌ನ ಎಫ್‌ಪಿಎಸ್ ಕೌಂಟರ್ ಇದೆ, ವಿಂಡೋಸ್ ಕೀ ಜೊತೆ ಜಿ ಒತ್ತಿದರೆ ತೆರೆಯುವ ಗೇಮ್ ಬಾರ್ ಇದೆ. ಸರಾಸರಿ ತಿಳಿಯಲು ಅಷ್ಟು ಸಾಕು. ಜರ್ಕ್ ಎಲ್ಲಿಂದ ಬರುತ್ತಿದೆ ಎಂದು ಹಿಡಿಯಲು ಸಾಲದು. ಕೆಲವು ಆನ್‌ಲೈನ್ ಆಟಗಳ ಆ್ಯಂಟಿ-ಚೀಟ್ (ಮೋಸದಾಟ ತಡೆಯುವ ವ್ಯವಸ್ಥೆ) ಆಟದ ಮೇಲೆ ಅಂಕಿ ತೋರಿಸುವ ಹೊರಗಿನ ಓವರ್‌ಲೇಯನ್ನು ತಡೆಯುತ್ತದೆ. ಅಂಥ ಕಡೆ ಆಟದೊಳಗಿನ ಕೌಂಟರನ್ನೇ ಬಳಸಿ; ತಡೆ ದಾಟುವ ಉಪಾಯ ಹುಡುಕಿ ಖಾತೆ ಬ್ಯಾನ್ ಮಾಡಿಸಿಕೊಳ್ಳಬೇಡಿ.

## ಹಂತ 1: ಕರೆಂಟು, ತೇವ, ಧೂಳು

ವೋಲ್ಟೇಜ್ ಕಡಿಮೆಯಾದರೆ ಎಫ್‌ಪಿಎಸ್ ಇಳಿಯುತ್ತದೆ ಎಂಬ ನಂಬಿಕೆ ಇದೆ. ಡೆಸ್ಕ್‌ಟಾಪ್ ಹಾಗೆ ವರ್ತಿಸುವುದಿಲ್ಲ. ಪವರ್ ಸಪ್ಲೈ ಒಳಗೆ ಬರುವ ಏರಿಳಿತವನ್ನು ತನ್ನ ಮಿತಿಯವರೆಗೆ ಸರಿದೂಗಿಸುತ್ತದೆ, ಮಿತಿ ಮೀರಿದರೆ ಪಿಸಿ ಆಫ್ ಆಗುತ್ತದೆ ಇಲ್ಲವೇ ರೀಸ್ಟಾರ್ಟ್ ಆಗುತ್ತದೆ. ತೋಟದ ಮೋಟಾರ್ ಶುರುವಾದ ಕ್ಷಣದಲ್ಲೇ ಪಿಸಿ ರೀಸ್ಟಾರ್ಟ್ ಆದರೆ ಅದು ವಿದ್ಯುತ್ತಿನ ಸಮಸ್ಯೆ, ಗ್ರಾಫಿಕ್ಸ್ ಸೆಟ್ಟಿಂಗ್‌ನಿಂದ ಸರಿಹೋಗದು.

ಮನೆಯ ಇನ್ವರ್ಟರ್‌ಗೇ ಪಿಸಿ ಜೋಡಿಸಿದ್ದರೆ ಅದರ ಮೋಡ್ ನೋಡಿ. ನಾರ್ಮಲ್ ಅಥವಾ ಇಕೋ ಮೋಡ್‌ನಲ್ಲಿ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ. ಫ್ಯಾನಿಗೂ ಬಲ್ಬಿಗೂ ಅದು ಲೆಕ್ಕಕ್ಕಿಲ್ಲ. ಪಿಸಿಯ ಪವರ್ ಸಪ್ಲೈ ಪೂರ್ಣ ಹೊರೆಯಲ್ಲಿ ಸುಮಾರು 16 ಮಿಲಿಸೆಕೆಂಡ್ ಮಾತ್ರ ತಡೆಯಬಲ್ಲದು. ಆದ್ದರಿಂದ ಇನ್ವರ್ಟರ್ ಯುಪಿಎಸ್ ಮೋಡ್‌ನಲ್ಲಿರಲಿ. ಪ್ರತ್ಯೇಕ ಯುಪಿಎಸ್ ಆದರೆ ಅದರ ವ್ಯಾಟ್ ನೋಡಿ, ವಿಎ (ವೋಲ್ಟ್-ಆಂಪಿಯರ್) ಅಲ್ಲ. 600 ವಿಎ ಯುಪಿಎಸ್‌ಗಳು ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಕೊಡುತ್ತವೆ. ಆಟ ತೆರೆಯದಿದ್ದಾಗ ಸುಮ್ಮನಿದ್ದು, ಆಟದಲ್ಲಿ ದೃಶ್ಯ ಭಾರವಾದಾಗ ಯುಪಿಎಸ್ ಬೀಪ್ ಬೀಪ್ ಎಂದು ಕೂಗಿಕೊಂಡರೆ ಅದಕ್ಕೆ ಹೊರೆ ಜಾಸ್ತಿಯಾಗಿದೆ ಎಂದರ್ಥ.

ಕ್ಯಾಬಿನೆಟ್ ಮುಟ್ಟಿದರೆ ಜುಂ ಎನ್ನುತ್ತದೆಯೇ? ಅರ್ಥಿಂಗ್ ಸರಿಯಿಲ್ಲ. ಎಲೆಕ್ಟ್ರಿಷಿಯನ್‌ನನ್ನು ಕರೆಸುವವರೆಗೆ ಆಟ ಬೇಡ. ಏಪ್ರಿಲ್, ಮೇ ತಿಂಗಳ ಗುಡುಗು ಮಿಂಚಿನ ಸಂಜೆಗಳಲ್ಲಿ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಿ. ರೌಟರಿನ ಅಡಾಪ್ಟರ್ ಮತ್ತು ಪಿಸಿಗೆ ಬರುವ ನೆಟ್‌ವರ್ಕ್ ಕೇಬಲನ್ನೂ ತೆಗೆಯಿರಿ. ಫೈಬರ್ ತಂತಿಯಲ್ಲಿ ಮಿಂಚು ಬರುವುದಿಲ್ಲ, ರೌಟರಿನ ಪವರ್ ತಂತಿಯಲ್ಲಿ ಬರುತ್ತದೆ.

ಇನ್ನು ತೇವ. ಕಕ್ಕಡದ (ಕೊಡಗಿನಲ್ಲಿ ಜುಲೈ-ಆಗಸ್ಟ್‌ನ ಮಳೆ ತಿಂಗಳು) ಮಳೆಯಲ್ಲಿ ಚಪ್ಪಲಿಗೆ, ಬೆಲ್ಟಿಗೆ ಬೂಷ್ಟು ಹಿಡಿಯುವ ಕೋಣೆಯಲ್ಲಿ ಪಿಸಿಯನ್ನು ವಾರಗಟ್ಟಲೆ ಮುಚ್ಚಿಟ್ಟರೆ ರ‍್ಯಾಮ್‌ನ ಕಾಂಟ್ಯಾಕ್ಟ್, ಪೋರ್ಟುಗಳ ಲೋಹ ಮಸುಕಾಗುತ್ತವೆ. ಮಳೆಗಾಲದಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ಪಿಸಿ ಆನ್ ಇರಲಿ. ಅದರ ಬಿಸಿಯೇ ಒಳಗಿನ ತೇವ ಆರಿಸುತ್ತದೆ. ನೀರು ಒಸರುವ ಗೋಡೆಯಿಂದ ಒಂದು ಗೇಣು ದೂರ ಇಡಿ. ಬಟ್ಟೆ ಹೊದಿಸಿ ಆನ್ ಮಾಡಬೇಡಿ.

ಧೂಳು ತೆಗೆಯುವುದಕ್ಕೂ ಇಲ್ಲಿ ಒಂದು ಕಾಲವಿದೆ. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಕಾಫಿ ಕಣದ ಧೂಳು ಮನೆಯೊಳಗೆ ಬರುತ್ತದೆ, ಜೂನ್‌ನಲ್ಲಿ ಅದಕ್ಕೆ ತೇವ ಕೂಡಿಕೊಂಡು ಹೀಟ್‌ಸಿಂಕಿನ ರೆಕ್ಕೆಗಳ ಮೇಲೆ ಗಟ್ಟಿಯಾಗಿ ಅಂಟುತ್ತದೆ. ಆಮೇಲೆ ಬ್ಲೋವರ್ ಗಾಳಿಗೆ ಅದು ಬಗ್ಗುವುದಿಲ್ಲ. ಮೇ ತಿಂಗಳಲ್ಲೇ ಸ್ವಚ್ಛ ಮಾಡಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ವೇಗವಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಸೌದೆ ಒಲೆಯ ಹೊಗೆ ಬರುವ ಕೋಣೆಯಾದರೆ ಮಸಿ ಜಿಗುಟಾಗಿರುತ್ತದೆ, ಬ್ರಷ್ ಬೇಕೇ ಬೇಕು.

## ಹಂತ 2: ಐದು ನಿಮಿಷದ ತಪಾಸಣೆ

ಮಾನಿಟರ್ ಕೇಬಲ್ ಎಲ್ಲಿ ಚುಚ್ಚಿದೆ ನೋಡಿ. ಅದು ಗ್ರಾಫಿಕ್ಸ್ ಕಾರ್ಡಿನ ಅಡ್ಡ ಸಾಲಿನ ಪೋರ್ಟಿಗೆ ಹೋಗಬೇಕು, ಮೇಲೆ ಯುಎಸ್‌ಬಿಗಳ ಪಕ್ಕದಲ್ಲಿರುವ ಮದರ್‌ಬೋರ್ಡಿನದ್ದಕ್ಕಲ್ಲ. ನಗು ಬರುವಂಥ ತಪ್ಪು, ಆದರೆ ಪಿಸಿಯನ್ನು ಒಮ್ಮೆ ಜಾಗ ಬದಲಿಸಿದ ಮನೆಗಳಲ್ಲಿ ಮಾಮೂಲು.

ನಂತರ ವಿಂಡೋಸ್ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ. 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ) ಮಾನಿಟರ್ ಕೊಂಡು 60ರಲ್ಲೇ ಬಿಟ್ಟವರು ತುಂಬಾ ಜನ. ಇಲ್ಲಿ 144 ಆರಿಸಲು ಸಿಗದಿದ್ದರೆ ಕೇಬಲ್ ಹಳೆಯದಿರಬಹುದು, ಡಿಸ್‌ಪ್ಲೇಪೋರ್ಟ್ ಬಳಸಿ.

ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್, ಮೆಮರಿ ನೋಡಿ. ಎರಡೇ ಸ್ಲಾಟಿನ ಬೋರ್ಡಿನಲ್ಲಿ ಒಂದೇ ಬಳಕೆಯಾಗಿದ್ದರೆ ರ‍್ಯಾಮ್ ಸಿಂಗಲ್ ಚಾನೆಲ್‌ನಲ್ಲಿದೆ. ರೈಜನ್ 5 5600ಜಿ ಥರದ, ಸಿಪಿಯು ಒಳಗೇ ಗ್ರಾಫಿಕ್ಸ್ ಇರುವ ಯಂತ್ರಗಳಿಗೆ ಇದು ದೊಡ್ಡ ಪೆಟ್ಟು. ಅವುಗಳಿಗೆ ರ‍್ಯಾಮೇ ವಿಡಿಯೊ ಮೆಮರಿ, ಒಂದೇ ಸ್ಟಿಕ್ ಇದ್ದರೆ ಡೇಟಾ ಹರಿಯುವ ದಾರಿ ಅರ್ಧಕ್ಕೆ ಇಳಿಯುತ್ತದೆ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಎರಡು ಸ್ಟಿಕ್ ಹಾಕುವಾಗ ಸಾಮಾನ್ಯವಾಗಿ ಸಿಪಿಯುವಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್. ಅಲ್ಲೇ ವೇಗವನ್ನೂ ನೋಡಿ. 3200ರ ರ‍್ಯಾಮ್ 2133 ಅಥವಾ 2400 ಎಂದು ತೋರಿಸುತ್ತಿದ್ದರೆ ಬಯಾಸ್‌ಗೆ (ಮದರ್‌ಬೋರ್ಡಿನದ್ದೇ ಸೆಟ್ಟಿಂಗ್ ಪರದೆ) ಹೋಗಿ ಎಕ್ಸ್‌ಎಂಪಿ (ಮೆಮರಿಯನ್ನು ಅದರ ಪೂರ್ಣ ವೇಗಕ್ಕೆ ಏರಿಸುವ ಆಯ್ಕೆ) ಆನ್ ಮಾಡಿ. ಆನ್ ಮಾಡಿದ ಮೇಲೆ ಪಿಸಿ ತಾನಾಗಿ ಕ್ರ್ಯಾಶ್ ಆಗತೊಡಗಿದರೆ ಹಿಂದಿನದಕ್ಕೇ ಮರಳಿ.

ಲ್ಯಾಪ್‌ಟಾಪ್ ಆಗಿದ್ದರೆ ಅದರದ್ದೇ ಚಾರ್ಜರ್ ಚುಚ್ಚಿರಬೇಕು. ಬ್ಯಾಟರಿಯಲ್ಲಿ ಆಡಿದರೆ ಜಿಪಿಯು (ಗ್ರಾಫಿಕ್ಸ್ ಚಿಪ್) ಶಕ್ತಿ ಕುಗ್ಗುತ್ತದೆ. ಎನ್‌ವಿಡಿಯಾದ ಬ್ಯಾಟರಿ ಬೂಸ್ಟ್ ಆನ್ ಇದ್ದರೆ ಎಫ್‌ಪಿಎಸ್ ಸಾಮಾನ್ಯವಾಗಿ 30ಕ್ಕೆ ನಿಲ್ಲುತ್ತದೆ. ಸಂಜೆ ಕರೆಂಟ್ ಹೋದ ಕೂಡಲೇ ಸರಿಯಾಗಿ 30 ತೋರಿಸಿದರೆ ಗಾಬರಿ ಬೇಡ, ಕಾರಣ ಇದೇ. ಮೊಬೈಲಿನ ಟೈಪ್-ಸಿ ಚಾರ್ಜರ್ ಚುಚ್ಚಿದರೂ ಪೂರ್ಣ ಶಕ್ತಿ ಸಿಗದು. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್‌ನಲ್ಲಿ ಆಟವನ್ನು ಸೇರಿಸಿ ಹೈ ಪರ್ಫಾರ್ಮೆನ್ಸ್ ಆರಿಸಿ, ಇಲ್ಲದಿದ್ದರೆ ಕೆಲವು ಆಟಗಳು ಸಿಪಿಯು ಒಳಗಿನ ದುರ್ಬಲ ಜಿಪಿಯುವಿನಲ್ಲೇ ಓಡುತ್ತವೆ.

ಹಿನ್ನೆಲೆಯಲ್ಲಿ ಬ್ರೌಸರ್, ವಿಂಡೋಸ್ ಅಪ್‌ಡೇಟ್, ಸ್ಟೀಮ್ ಡೌನ್‌ಲೋಡ್, ಗೇಮ್ ಬಾರಿನ ತಾನೇ ರೆಕಾರ್ಡ್ ಮಾಡುವ ಆಯ್ಕೆ, ಎಲ್ಲವನ್ನೂ ನಿಲ್ಲಿಸಿ.

## ಹಂತ 3: ಅಳತೆ

ಎಫ್‌ಪಿಎಸ್ ಎಂದರೆ ಒಂದು ಸೆಕೆಂಡಿಗೆ ಎಷ್ಟು ಫ್ರೇಮ್. ಫ್ರೇಮ್ ಟೈಮ್ ಎಂದರೆ ಒಂದೊಂದು ಫ್ರೇಮ್ ತಯಾರಾಗಲು ಹಿಡಿದ ಹೊತ್ತು. ಕಣ್ಣಿಗೆ ತಿಳಿಯುವುದು ಎರಡನೆಯದೇ. 30 ಎಫ್‌ಪಿಎಸ್‌ಗೆ 33.3 ಮಿಲಿಸೆಕೆಂಡ್, 60ಕ್ಕೆ 16.7, 75ಕ್ಕೆ 13.3, 120ಕ್ಕೆ 8.3, 144ಕ್ಕೆ 6.9.

ಒಂದು ಲೆಕ್ಕ ನೋಡಿ. ಒಂದು ಸೆಕೆಂಡಿನಲ್ಲಿ 59 ಫ್ರೇಮ್‌ಗಳು ತಲಾ 15 ಮಿಲಿಸೆಕೆಂಡಿನಲ್ಲಿ ಬಂದವು, ಒಂದೇ ಒಂದು ಫ್ರೇಮ್ 115 ಮಿಲಿಸೆಕೆಂಡ್ ತೆಗೆದುಕೊಂಡಿತು. ಒಟ್ಟು 60 ಫ್ರೇಮ್, 1000 ಮಿಲಿಸೆಕೆಂಡ್. ಕೌಂಟರ್ 60 ಎಂದು ಹೆಮ್ಮೆಯಿಂದ ತೋರಿಸುತ್ತದೆ, ಆಡುವವನಿಗೆ ಮಾತ್ರ ಸೆಕೆಂಡಿಗೊಮ್ಮೆ ಜರ್ಕ್. "ಎಫ್‌ಪಿಎಸ್ ಚೆನ್ನಾಗಿದೆ, ಆದರೂ ತಡವರಿಸುತ್ತದೆ" ಎಂಬುದರ ಗುಟ್ಟು ಇಷ್ಟೇ. ಹಾಗಾಗಿ ಸರಾಸರಿಯ ಜೊತೆಗೆ 1% ಲೋ ನೋಡಬೇಕು. ಅತಿ ನಿಧಾನವಾದ ನೂರಕ್ಕೊಂದು ಪಾಲು ಫ್ರೇಮ್‌ಗಳ ವೇಗ ಅದು.

ಆಫ್ಟರ್‌ಬರ್ನರಿನ ಸೆಟ್ಟಿಂಗ್ಸ್‌ನಲ್ಲಿ ಮಾನಿಟರಿಂಗ್ ಟ್ಯಾಬ್ ತೆರೆಯಿರಿ. ಫ್ರೇಮ್‌ರೇಟ್, ಫ್ರೇಮ್‌ಟೈಮ್, ಜಿಪಿಯು ಬಳಕೆ, ಜಿಪಿಯು ತಾಪ, ಕೋರ್ ಕ್ಲಾಕ್, ವಿಡಿಯೊ ಮೆಮರಿ ಬಳಕೆ, ಪ್ರತಿ ಸಿಪಿಯು ಕೋರಿನ ಬಳಕೆ, ರ‍್ಯಾಮ್ ಬಳಕೆ. ಒಂದೊಂದನ್ನೂ ಆರಿಸಿ ಆನ್-ಸ್ಕ್ರೀನ್ ಡಿಸ್‌ಪ್ಲೇಗೆ ಟಿಕ್ ಹಾಕಿ. ಟಿಕ್ ಮರೆತು "ಏನೂ ಕಾಣಿಸುತ್ತಿಲ್ಲ" ಎನ್ನುವವರೇ ಹೆಚ್ಚು. ಫ್ರೇಮ್‌ಟೈಮ್ ಮಾತ್ರ ಅಂಕಿಯಾಗಿ ಬೇಡ, ಗ್ರಾಫ್ ಆಗಿ ಇಡಿ. ಬೆಂಚ್‌ಮಾರ್ಕ್ ಟ್ಯಾಬಿನಲ್ಲಿ ರೆಕಾರ್ಡಿಂಗ್ ಶುರು ಮಾಡಲು, ನಿಲ್ಲಿಸಲು ಎರಡು ಕೀ ಕೊಟ್ಟರೆ ಸರಾಸರಿ, 1% ಲೋ ಎಲ್ಲವೂ ಒಂದು ಟೆಕ್ಸ್ಟ್ ಫೈಲಿಗೆ ಬಂದು ಬೀಳುತ್ತವೆ.

ಅಳೆಯುವ ಮೊದಲು ಆಟದಲ್ಲಿ ವಿಸಿಂಕ್ (ಮಾನಿಟರಿನ ರಿಫ್ರೆಶ್‌ಗೆ ಫ್ರೇಮ್ ಹೊಂದಿಸುವುದು), ಎಫ್‌ಪಿಎಸ್ ಮಿತಿ, ಫ್ರೇಮ್ ಜನರೇಶನ್ (ವಿವರ ಏಳನೇ ಹಂತದಲ್ಲಿ), ಡೈನಾಮಿಕ್ ರೆಸೊಲ್ಯೂಶನ್ ನಾಲ್ಕನ್ನೂ ಆಫ್ ಮಾಡಿ. ಕೊನೆಯದು ಮಹಾ ಮೋಸಗಾರ. ಭಾರ ಹೆಚ್ಚಾದಾಗ ಸದ್ದಿಲ್ಲದೆ ಚಿತ್ರ ಮಸುಕು ಮಾಡಿ ಎಫ್‌ಪಿಎಸ್ ಕಾಯುತ್ತದೆ, ನೀವು ಯಾವ ಸೆಟ್ಟಿಂಗ್ ಬದಲಿಸಿದರೂ ವ್ಯತ್ಯಾಸ ಕಾಣಿಸುವುದಿಲ್ಲ.

ಈಗ ಹತ್ತು ಹದಿನೈದು ನಿಮಿಷ ಸುಮ್ಮನೆ ಆಡಿ, ಯಂತ್ರ ಬಿಸಿಯಾಗಲಿ. ತಣ್ಣಗಿರುವ ಪಿಸಿ ಮೊದಲ ಕೆಲವು ನಿಮಿಷ ಸುಳ್ಳು ಹೇಳುತ್ತದೆ. ಆಮೇಲೆ ಒಂದೇ ಸೇವ್ ಫೈಲಿನಿಂದ, ಒಂದೇ ದಾರಿಯಲ್ಲಿ, 60 ಸೆಕೆಂಡ್ ಓಡಿ ದಾಖಲಿಸಿ. ದಾರಿ ಆಟದ ಅತಿ ಗದ್ದಲದ ಜಾಗದಲ್ಲಿರಲಿ: ಜನ ತುಂಬಿದ ಪೇಟೆ, ಸ್ಫೋಟದ ಹೊಗೆ, ದಟ್ಟ ಕಾಡು. ಖಾಲಿ ಕೋಣೆಯಲ್ಲಿ ಗೋಡೆ ನೋಡುತ್ತಾ ಅಳೆದ 120 ಯಾರಿಗೂ ಬೇಡ. ಸೈಬರ್‌ಪಂಕ್ 2077, ಫೋರ್ಜಾ ಹೊರೈಝನ್ 5, ಜಿಟಿಎ 5 ಥರದ ಆಟಗಳಲ್ಲಿ ಬೆಂಚ್‌ಮಾರ್ಕ್ ಒಳಗೇ ಇದೆ, ಅದನ್ನೇ ಬಳಸಬಹುದು.

ನಾಲ್ಕು ಸಲ ಓಡಿ, ಮೊದಲನೆಯದನ್ನು ಬಿಟ್ಟುಬಿಡಿ. ಹೊಸ ಆಟದಲ್ಲಿ, ಅಥವಾ ಡ್ರೈವರ್ ಅಪ್‌ಡೇಟ್ ಆದ ಮೇಲೆ, ಶೇಡರ್‌ಗಳನ್ನು (ಬೆಳಕು, ಬಣ್ಣದ ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಮ್‌ಗಳು) ಯಂತ್ರ ಹೊಸದಾಗಿ ಕಟ್ಟುತ್ತದೆ. ಆ ಹೊತ್ತಿನ ಜರ್ಕ್ ಎರಡನೇ ಸಲ ಇರುವುದಿಲ್ಲ. ಉಳಿದ ಮೂರರ ನಡುವೆ ನೂರಕ್ಕೆ ಐದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಹಿನ್ನೆಲೆಯಲ್ಲಿ ಏನೋ ಓಡುತ್ತಿದೆ. ಹುಡುಕಿ ನಿಲ್ಲಿಸಿ, ಮತ್ತೆ ಅಳೆಯಿರಿ.

1% ಲೋ ಸರಾಸರಿಯ ಮೂರನೇ ಎರಡು ಭಾಗಕ್ಕಿಂತ ಮೇಲಿದ್ದರೆ ಆಟ ಸಲೀಸು ಎನ್ನಬಹುದು. ಸರಾಸರಿ 60, ಲೋ 42 ಇದ್ದರೆ ನಡೆಯುತ್ತದೆ. ಸರಾಸರಿ 90, ಲೋ 30 ಇದ್ದರೆ ಅದು 60ಕ್ಕಿಂತ ಕೆಟ್ಟ ಅನುಭವ.

## ಹಂತ 4: ತಡೆ ಎಲ್ಲಿದೆ ಎಂದು ಪತ್ತೆ ಮಾಡುವುದು

ಇಡೀ ಕೆಲಸದ ಜೀವಾಳ ಇದು. ಯಾವ ಭಾಗ ಸುಸ್ತಾಗಿದೆ ಎಂದು ತಿಳಿಯದೆ ಸೆಟ್ಟಿಂಗ್ ಇಳಿಸುವುದು ಶುದ್ಧ ದಂಡ.

ರೆಸೊಲ್ಯೂಶನ್ ಪರೀಕ್ಷೆ. ಉಳಿದದ್ದನ್ನೆಲ್ಲ ಹಾಗೇ ಬಿಟ್ಟು, ರೆಸೊಲ್ಯೂಶನ್ ಮಾತ್ರ 1920×1080ರಿಂದ 1280×720ಕ್ಕೆ ಇಳಿಸಿ ಅದೇ ದಾರಿಯಲ್ಲಿ ಅಳೆಯಿರಿ. 20.7 ಲಕ್ಷ ಪಿಕ್ಸೆಲ್ ಇದ್ದದ್ದು 9.2 ಲಕ್ಷಕ್ಕೆ ಬಂತು. ಜಿಪಿಯು ಕೆಲಸ ಅರ್ಧಕ್ಕಿಂತ ಕಡಿಮೆ. ಎಫ್‌ಪಿಎಸ್ ಚೆನ್ನಾಗಿ ಏರಿದರೆ ತಡೆ ಜಿಪಿಯುವಿನಲ್ಲಿತ್ತು. ಇದ್ದಲ್ಲೇ ಇದ್ದರೆ ತಡೆ ಸಿಪಿಯು ಅಥವಾ ರ‍್ಯಾಮ್‌ನಲ್ಲಿದೆ, ಗ್ರಾಫಿಕ್ಸ್ ಎಷ್ಟು ಇಳಿಸಿದರೂ ಫಲವಿಲ್ಲ. "ಎಲ್ಲಾ ಲೋ ಮಾಡಿದೆ, ಆದರೂ" ಎನ್ನುವವರಲ್ಲಿ ಬಹುಪಾಲು ಈ ಗುಂಪಿನವರು.

ಜಿಪಿಯು ಬಳಕೆ. 1080ಪಿಯಲ್ಲಿ (1920×1080) ಶೇ 95ರಿಂದ 99 ಇದ್ದರೆ ಕಾರ್ಡ್ ತನ್ನ ಪೂರ್ತಿ ದುಡಿಯುತ್ತಿದೆ. ಇದು ಒಳ್ಳೆಯ ಲಕ್ಷಣ, ಹೆದರಬೇಡಿ. 60, 70ರಲ್ಲಿ ಓಲಾಡುತ್ತಾ ಎಫ್‌ಪಿಎಸ್ ಕಡಿಮೆ ಇದ್ದರೆ ಕಾರ್ಡ್ ಯಾರಿಗೋ ಕಾಯುತ್ತಿದೆ.

ಸಿಪಿಯು ಬಳಕೆ. ಒಟ್ಟು ಅಂಕಿಯನ್ನು ನಂಬಬೇಡಿ. ನಾಲ್ಕು ಕೋರಿನ ಸಿಪಿಯುವಿನಲ್ಲಿ ಒಂದು ಕೋರ್ ಪೂರ್ತಿ ದಣಿದಿದ್ದರೂ ಒಟ್ಟು ಲೆಕ್ಕ ಶೇ 25ರ ಆಸುಪಾಸಿನಲ್ಲೇ ಇರಬಹುದು. ಕೋರ್‌ವಾರು ನೋಡಿ. ಒಂದೋ ಎರಡೋ 95 ದಾಟಿ ನಿಂತಿದ್ದರೆ ಅಲ್ಲೇ ತಡೆ.

ವಿಡಿಯೊ ಮೆಮರಿ. 4 ಜಿಬಿಯ ಜಿಟಿಎಕ್ಸ್ 1650 ಥರದ ಕಾರ್ಡುಗಳಲ್ಲಿ ಇದೇ ಮುಖ್ಯ ಶತ್ರು. ಮೆಮರಿ ತುಂಬಿದರೆ ಉಳಿದದ್ದು ರ‍್ಯಾಮ್‌ಗೆ ಹರಿಯುತ್ತದೆ, ಅಲ್ಲಿಂದ ಎಳೆದುತರುವಾಗ ಜರ್ಕ್. ಸರಾಸರಿ ಅಷ್ಟೇನೂ ಇಳಿಯದೆ 1% ಲೋ ಮಾತ್ರ ಕುಸಿಯುವುದು, ಗೋಡೆಗಳ ಚಿತ್ರ ಮೊದಲು ಮಸುಕಾಗಿ ಬಂದು ಆಮೇಲೆ ತಿಳಿಯಾಗುವುದು, ಆಡಿದಷ್ಟೂ ಹದಗೆಡುತ್ತಾ ಹೋಗುವುದು ಇದರ ಗುರುತು. ಬಳಕೆ 3.8 ಜಿಬಿ ಹತ್ತಿರ ಅಂಟಿಕೊಂಡಿದ್ದರೆ ಖಚಿತ.

ತಾಪ. ಮೊದಲ ಐದು ನಿಮಿಷ ಸಲೀಸು, ಆಮೇಲೆ ಮೆಲ್ಲಗೆ ಇಳಿದು ಅಲ್ಲೇ ನಿಂತರೆ ತಾಪದ ಮೇಲೆ ಅನುಮಾನ. ಕೋರ್ ಕ್ಲಾಕ್ ಗಮನಿಸಿ, ಅದೂ ಜೊತೆಗೇ ಇಳಿದಿರುತ್ತದೆ. ಅನೇಕ ಎನ್‌ವಿಡಿಯಾ ಕಾರ್ಡುಗಳು 83 ಡಿಗ್ರಿ ಸುಮಾರಿಗೆ ವೇಗ ತಗ್ಗಿಸತೊಡಗುತ್ತವೆ. ಲ್ಯಾಪ್‌ಟಾಪ್ ಸಿಪಿಯುಗಳು 95ರಿಂದ 100ರವರೆಗೆ ಏರಿ ತಾವೇ ಹಿಂದೆ ಸರಿಯುತ್ತವೆ. ಎಚ್‌ಡಬ್ಲ್ಯೂಇನ್ಫೋದಲ್ಲಿ ಥರ್ಮಲ್ ಥ್ರಾಟ್ಲಿಂಗ್ ಸಾಲಿನಲ್ಲಿ ಯೆಸ್ ಬಂದರೆ ಸೆಟ್ಟಿಂಗ್ ಬಿಡಿ, ಸ್ವಚ್ಛ ಮಾಡಿ, ಥರ್ಮಲ್ ಪೇಸ್ಟ್ ಬದಲಿಸಿ. ಲ್ಯಾಪ್‌ಟಾಪಿನ ಹಿಂಭಾಗವನ್ನು ಎರಡು ಬೆರಳಿನಷ್ಟು ಎತ್ತರಿಸಿ. ಹಾಸಿಗೆ, ಕಂಬಳಿ ಮೇಲಿಟ್ಟು ಆಡುವುದಂತೂ ಬೇಡ. ಮಳೆಗಾಲದಲ್ಲಿ ಬೆಚ್ಚಗಿರುತ್ತದೆ ನಿಜ, ಗಾಳಿಯ ದಾರಿ ಮುಚ್ಚುತ್ತದೆ.

ಡಿಸ್ಕ್. ದೊಡ್ಡ ಓಪನ್ ವರ್ಲ್ಡ್ ಆಟ ಹಾರ್ಡ್ ಡಿಸ್ಕಿನಲ್ಲಿದ್ದು, ವೇಗವಾಗಿ ಗಾಡಿ ಓಡಿಸುವಾಗ ಮಾತ್ರ ಜರ್ಕ್ ಬಂದರೆ ಡಿಸ್ಕಿನ ತಡೆ. ಆಟವನ್ನು ಎಸ್‌ಎಸ್‌ಡಿಗೆ ವರ್ಗಾಯಿಸಿ.

ನೆಟ್‌ವರ್ಕ್. "ಲ್ಯಾಗ್" ಎಂದು ನಾವು ಎರಡು ಬೇರೆ ಬೇರೆ ಕಾಯಿಲೆಯನ್ನು ಕರೆಯುತ್ತೇವೆ. ಫ್ರೇಮ್‌ಟೈಮ್ ಗ್ರಾಫ್ ಸಪಾಟಾಗಿದ್ದು ಎದುರಾಳಿ ಮಾತ್ರ ಇದ್ದಲ್ಲಿಂದ ಇನ್ನೊಂದು ಕಡೆಗೆ ನೆಗೆದರೆ ಅದು ಪಿಂಗ್ (ಸರ್ವರಿಗೆ ಹೋಗಿ ಬರುವ ಹೊತ್ತು) ತೊಂದರೆ. ಮರದ ಕೊಂಬೆ ಫೈಬರ್ ಮೇಲೆ ಬಿದ್ದು ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಆಡುವ ದಿನಗಳಲ್ಲಿ ಇದು ಸಹಜ, ಶ್ಯಾಡೋ ಇಳಿಸಿ ಪ್ರಯೋಜನವಿಲ್ಲ. ಗ್ರಾಫಿನಲ್ಲೇ ಮೊಳೆ ಎದ್ದರೆ ಮಾತ್ರ ಪಿಸಿಯ ತೊಂದರೆ.

## ಹಂತ 5: ಗುರಿ ಮತ್ತು ಮಿತಿ

ಯಂತ್ರ ಸದಾ ಕೊಡಬಲ್ಲ ಒಂದು ಅಂಕಿಯನ್ನು ಗುರಿ ಮಾಡಿ, ಅಲ್ಲಿಗೆ ಮಿತಿ ಹಾಕಿ. 50ರಿಂದ 90ರವರೆಗೆ ಕುಣಿಯುವುದಕ್ಕಿಂತ 60ರಲ್ಲಿ ಕದಲದೆ ನಿಲ್ಲುವುದು ಕಣ್ಣಿಗೆ ಹಿತ. ಬಿಸಿಯೂ ಕಡಿಮೆ, ಫ್ಯಾನಿನ ಸದ್ದೂ ಕಡಿಮೆ, ಕರೆಂಟ್ ಹೋದಾಗ ಯುಪಿಎಸ್ ಇನ್ನಷ್ಟು ನಿಮಿಷ ತಾಳುತ್ತದೆ.

ರಿವಾಟ್ಯೂನರಿನ ಫ್ರೇಮ್‌ರೇಟ್ ಲಿಮಿಟ್ ಪೆಟ್ಟಿಗೆಯಲ್ಲಿ ಅಂಕಿ ಬರೆಯಿರಿ. ಆಟದ ಎಕ್ಸಿಕ್ಯೂಟಬಲ್ ಫೈಲ್ ಸೇರಿಸಿ ಆ ಆಟಕ್ಕೆ ಮಾತ್ರ ಹಾಕುವುದು ಉತ್ತಮ. ಆಟದೊಳಗೆ, ಡ್ರೈವರಿನಲ್ಲಿ, ರಿವಾಟ್ಯೂನರಿನಲ್ಲಿ ಮೂರು ಕಡೆ ಮಿತಿ ಹಾಕಬೇಡಿ, ಒಂದಕ್ಕೊಂದು ತಗುಲಿ ಫ್ರೇಮ್‌ಟೈಮ್ ಅಂಕುಡೊಂಕಾಗುತ್ತದೆ.

ಮಾನಿಟರಿನ ಹರ್ಟ್ಸ್ ಅನ್ನು ಭಾಗಿಸುವ ಅಂಕಿ ಆರಿಸಿ. 60 ಹರ್ಟ್ಸ್‌ಗೆ 60 ಅಥವಾ 30. 120ಕ್ಕೆ 60 ಅಥವಾ 40. 40 ಎಂದರೆ ಪ್ರತಿ ಫ್ರೇಮ್ ಸರಿಯಾಗಿ ಮೂರು ರಿಫ್ರೆಶ್‌ಗೆ ನಿಲ್ಲುತ್ತದೆ, ದುರ್ಬಲ ಯಂತ್ರಕ್ಕೆ ಒಳ್ಳೆಯ ಆಯ್ಕೆ. 144ಕ್ಕೆ 72 ಅಥವಾ 48.

60 ಹರ್ಟ್ಸ್ ಮಾನಿಟರಿನಲ್ಲಿ ಮಾಮೂಲಿ ವಿಸಿಂಕ್ ಆನ್ ಮಾಡಿ ಯಂತ್ರ 55 ಮಾತ್ರ ಕೊಟ್ಟರೆ, ಕೆಲವು ಆಟಗಳಲ್ಲಿ ಅಂಕಿ ಧುತ್ತೆಂದು 30ಕ್ಕೆ ಬೀಳುತ್ತದೆ. 60ಕ್ಕೂ 30ಕ್ಕೂ ನಡುವೆ ಜೋಕಾಲಿಯಾಡುತ್ತಿದ್ದರೆ ಕಾರಣ ಅದೇ.

ಫ್ರೀಸಿಂಕ್ ಅಥವಾ ಜಿ-ಸಿಂಕ್ (ಮಾನಿಟರೇ ಫ್ರೇಮ್ ವೇಗಕ್ಕೆ ಹೊಂದಿಕೊಳ್ಳುವ ಸೌಲಭ್ಯ) ಇದ್ದರೆ ಭಾಗಾಕಾರ ಬೇಡ. ಗರಿಷ್ಠಕ್ಕಿಂತ ಮೂರು ಕಡಿಮೆ ಇಡಿ, 144ಕ್ಕೆ 141. ಆದರೆ ಫ್ರೀಸಿಂಕ್ ಕೆಲಸ ಮಾಡುವ ವ್ಯಾಪ್ತಿ ಯಾವುದೆಂದು ನೋಡಿಕೊಳ್ಳಿ. ಕಡಿಮೆ ಬೆಲೆಯ 75 ಹರ್ಟ್ಸ್ ಮಾನಿಟರುಗಳಲ್ಲಿ ಅದು ಸಾಮಾನ್ಯವಾಗಿ 48ರಿಂದ 75. 48ಕ್ಕಿಂತ ಕೆಳಗೆ ಬಿದ್ದರೆ ಫ್ರೀಸಿಂಕ್ ಇಲ್ಲದ ಮಾನಿಟರಿಗೆ ಸಮ.

## ಹಂತ 6: ಗ್ರಾಫಿಕ್ಸ್ ಮೆನು

ಒಮ್ಮೆಗೆ ಒಂದೇ ಸೆಟ್ಟಿಂಗ್. ಬದಲಿಸಿ, ಅದೇ ದಾರಿಯಲ್ಲಿ ಓಡಿ, ಬರೆದಿಡಿ. ಕೆಲವು ಆಟಗಳಲ್ಲಿ ಸೆಟ್ಟಿಂಗ್ ಬದಲಿಸಿದ ಮೇಲೆ ರೀಸ್ಟಾರ್ಟ್ ಮಾಡದಿದ್ದರೆ ಬದಲಾವಣೆ ಅರ್ಧಂಬರ್ಧ ಜಾರಿಯಾಗುತ್ತದೆ, ಅಳತೆ ಹಾಳಾಗುತ್ತದೆ.

ತಡೆ ಜಿಪಿಯುವಿನಲ್ಲಿದ್ದರೆ ಇಳಿಸುವ ಕ್ರಮ ಹೀಗೆ:

1. ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಲೆಕ್ಕ ಹಾಕುವುದು) ಆಫ್. ಮಧ್ಯಮ ದರ್ಜೆಯ ಕಾರ್ಡಿಗೆ ಇದರಷ್ಟು ಭಾರ ಬೇರೊಂದಿಲ್ಲ.
2. ವಾಲ್ಯೂಮೆಟ್ರಿಕ್ ಫಾಗ್ ಮತ್ತು ಮೋಡ, ಅಲ್ಟ್ರಾದಿಂದ ಮೀಡಿಯಂಗೆ. ಮಂಜು ಮಂಜಾಗಿಯೇ ಕಾಣುತ್ತದೆ.
3. ಶ್ಯಾಡೋ ಕ್ವಾಲಿಟಿ ಹೈನಿಂದ ಮೀಡಿಯಂಗೆ. ಪೂರ್ತಿ ಲೋ ಬೇಡ, ನೆರಳಿನ ಅಂಚು ನಡುಗಿ ಕಣ್ಣಿಗೆ ಕಿರಿಕಿರಿ.
4. ರಿಫ್ಲೆಕ್ಷನ್, ನಂತರ ಆ್ಯಂಬಿಯೆಂಟ್ ಅಕ್ಲೂಶನ್ (ಮೂಲೆ, ಸಂದಿಗಳ ನಸು ನೆರಳು).
5. ಅಂಚು ನಯಗೊಳಿಸಲು ಎಂಎಸ್‌ಎಎ ಇದ್ದರೆ ತೆಗೆದು ಹಗುರವಾದ ಟಿಎಎ ಹಾಕಿ.

ಮೋಶನ್ ಬ್ಲರ್, ಫಿಲ್ಮ್ ಗ್ರೇನ್, ಕ್ರೊಮ್ಯಾಟಿಕ್ ಅಬರೇಶನ್ ನಿಮ್ಮ ರುಚಿಗೆ ಬಿಟ್ಟದ್ದು. ಆಫ್ ಮಾಡಿದರೆ ಚಿತ್ರ ಸ್ವಚ್ಛ, ಎಫ್‌ಪಿಎಸ್ ಮಾತ್ರ ಹೆಚ್ಚೇನೂ ಏರದು.

ಟೆಕ್ಸ್ಚರ್ (ಗೋಡೆ, ನೆಲದ ಮೇಲ್ಮೈ ಚಿತ್ರ) ವಿಷಯದಲ್ಲಿ ದೊಡ್ಡ ತಪ್ಪು ಕಲ್ಪನೆ ಇದೆ. ವಿಡಿಯೊ ಮೆಮರಿಯಲ್ಲಿ ಜಾಗ ಇರುವಷ್ಟು ದಿನ ಟೆಕ್ಸ್ಚರ್ ಹೈ ಇದ್ದರೂ ಎಫ್‌ಪಿಎಸ್ ಹೆಚ್ಚುಕಡಿಮೆ ಅಷ್ಟೇ. ಲೋ ಮಾಡಿದವರಿಗೆ ಸಿಗುವುದು ಕೆಸರಿನಂಥ ಗೋಡೆ, ವೇಗವಲ್ಲ. ಮೆಮರಿ ತುಂಬುತ್ತಿದ್ದರೆ ಮಾತ್ರ ಒಂದು ಮೆಟ್ಟಿಲು ಇಳಿಸಿ, ಬಳಕೆ ಅರ್ಧ ಜಿಬಿಯಷ್ಟು ಕೆಳಗೆ ಬಂತೇ ನೋಡಿ, ಬರದಿದ್ದರೆ ಇನ್ನೊಂದು ಮೆಟ್ಟಿಲು. ಅನಿಸೊಟ್ರೊಪಿಕ್ ಫಿಲ್ಟರಿಂಗ್ (ಓರೆಯಾಗಿ ಕಾಣುವ ನೆಲ, ಗೋಡೆಯನ್ನು ತಿಳಿಯಾಗಿಸುವುದು) ಪ್ರತ್ಯೇಕ ಕಾರ್ಡ್ ಇದ್ದರೆ 16ರಲ್ಲೇ ಇರಲಿ. ಸಿಪಿಯು ಒಳಗಿನ ಗ್ರಾಫಿಕ್ಸ್ ಆದರೆ 4 ಅಥವಾ 8.

ತಡೆ ಸಿಪಿಯುವಿನಲ್ಲಿದ್ದರೆ ಪಟ್ಟಿಯೇ ಬೇರೆ. ಜನಸಂದಣಿ, ವಾಹನ ದಟ್ಟಣೆ, ವ್ಯೂ ಡಿಸ್ಟೆನ್ಸ್, ಫಿಸಿಕ್ಸ್, ನೆರಳು ಬೀಳುವ ದೂರ ಇವನ್ನು ಇಳಿಸಿ. ಇಂಥ ಯಂತ್ರದಲ್ಲಿ ರೆಸೊಲ್ಯೂಶನ್, ಟೆಕ್ಸ್ಚರ್ ಏರಿಸಿದರೂ ಎಫ್‌ಪಿಎಸ್ ಕಳೆದುಕೊಳ್ಳುವುದಿಲ್ಲ. ಜಿಪಿಯು ಖಾಲಿ ಕೂತಿದೆ, ಕೆಲಸ ಕೊಡಿ.

## ಹಂತ 7: ಅಪ್‌ಸ್ಕೇಲಿಂಗ್, ಕೊನೆಯ ಅಸ್ತ್ರ

ಆರನೇ ಹಂತದ ನಂತರವೂ ಗುರಿ ಮುಟ್ಟದಿದ್ದರೆ ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಅಥವಾ ಎಕ್ಸ್‌ಇಎಸ್‌ಎಸ್ ಬಳಸಿ, ಇವು ಚಿಕ್ಕದಾಗಿ ತಯಾರಿಸಿದ ಚಿತ್ರವನ್ನು ಪರದೆಗೆ ಹಿಗ್ಗಿಸುವ ತಂತ್ರಗಳು. ಮೊದಲನೆಯದು ಆರ್‌ಟಿಎಕ್ಸ್ ಕಾರ್ಡುಗಳಿಗೆ ಮಾತ್ರ. ಎಫ್‌ಎಸ್‌ಆರ್ 2 ಮತ್ತು 3 ಹಳೆಯ ಜಿಟಿಎಕ್ಸ್, ರೇಡಿಯಾನ್ ಕಾರ್ಡುಗಳಲ್ಲೂ ನಡೆಯುತ್ತವೆ. 1080ಪಿಯಲ್ಲಿ ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್‌ಗಳ ಕ್ವಾಲಿಟಿ ಮೋಡ್ ಎಂದರೆ ಒಳಗೆ 1280×720ರಲ್ಲಿ ಚಿತ್ರ ತಯಾರಾಗಿ ಹಿಗ್ಗುತ್ತದೆ. ಪರ್ಫಾರ್ಮೆನ್ಸ್ ಮೋಡ್ ಎಂದರೆ 960×540. 24 ಇಂಚಿನ ಪರದೆಯಲ್ಲಿ ದೂರದ ಎಲೆ, ತಂತಿಗಳು ಮಿಣುಕುತ್ತವೆ. 1080ಪಿಯಲ್ಲಿ ಕ್ವಾಲಿಟಿಗಿಂತ ಕೆಳಗೆ ಹೋಗುವುದು ಬೇಡವೆಂಬುದೇ ಸಲಹೆ. ಸಿಪಿಯು ತಡೆಗೆ ಅಪ್‌ಸ್ಕೇಲಿಂಗ್ ಮದ್ದಲ್ಲ.

ಫ್ರೇಮ್ ಜನರೇಶನ್ ಬಗ್ಗೆ ಎಚ್ಚರ. ಅದು ನಿಜವಾದ ಎರಡು ಫ್ರೇಮ್‌ಗಳ ನಡುವೆ ಕನಿಷ್ಠ ಒಂದನ್ನು ಊಹಿಸಿ ಸೇರಿಸುತ್ತದೆ. ಕೌಂಟರ್ 30ರಿಂದ 60ಕ್ಕೆ ಜಿಗಿದರೂ ಮೌಸ್‌ಗೆ ಆಟ ಸ್ಪಂದಿಸುವುದು 30ರ ವೇಗದಲ್ಲೇ, ಅದಕ್ಕಿಂತ ತುಸು ತಡವಾಗಿಯೇ. ಅದಿಲ್ಲದೆ 60ರ ಹತ್ತಿರ ಬರುತ್ತಿದ್ದರೆ ಮಾತ್ರ ಬಳಸಿ. ಶೂಟಿಂಗ್ ಆಟಗಳಲ್ಲಿ ಆಗಲೂ ಬೇಡ.

## ಹಂತ 8: ಯಾವಾಗ ಮತ್ತೆ ಅಳೆಯಬೇಕು

ಜುಲೈಯಲ್ಲಿ ಮಡಿಕೇರಿಯಲ್ಲಿ ಕೂರಿಸಿದ ಸೆಟ್ಟಿಂಗ್ ಏಪ್ರಿಲಿನಲ್ಲಿ ಕುಶಾಲನಗರದಲ್ಲಿ ಕೆಲಸ ಮಾಡುತ್ತದೆ ಎಂದುಕೊಳ್ಳಬೇಡಿ. ಕೋಣೆ ಹತ್ತು ಡಿಗ್ರಿ ಬಿಸಿಯಾದರೆ ಜಿಪಿಯುವೂ ಹೆಚ್ಚುಕಡಿಮೆ ಅಷ್ಟೇ ಬಿಸಿಯಾಗುತ್ತದೆ. ಮಳೆಗಾಲದಲ್ಲಿ 74ರಲ್ಲಿದ್ದ ಕಾರ್ಡ್ ಬೇಸಿಗೆಯಲ್ಲಿ 84 ಮುಟ್ಟಿ ವೇಗ ಇಳಿಸುತ್ತದೆ. ಮಾರ್ಚಿನಲ್ಲಿ ಒಮ್ಮೆ, ಡ್ರೈವರ್ ಬದಲಾದಾಗ ಒಮ್ಮೆ, ಆಟಕ್ಕೆ ದೊಡ್ಡ ಅಪ್‌ಡೇಟ್ ಬಂದಾಗ ಒಮ್ಮೆ ಅದೇ ದಾರಿಯಲ್ಲಿ ಓಡಿ ನೋಟ್‌ಬುಕ್ಕಿನ ಅಂಕಿಗೆ ಹೋಲಿಸಿ. ಹೊಸ ಡ್ರೈವರಿನಿಂದ ಇಳಿದಿದ್ದರೆ ಹಳೆಯದಕ್ಕೆ ಮರಳಿ. ಅಪ್‌ಡೇಟ್ ಮಾಡುವ ಮೊದಲು ಹಳೆಯ ಡ್ರೈವರ್ ಫೈಲನ್ನು ಡಿಸ್ಕಿನಲ್ಲೇ ಉಳಿಸಿಕೊಂಡಿರಿ. ನೂರಾರು ಎಂಬಿಯನ್ನು ಹಾಟ್‌ಸ್ಪಾಟಿನಲ್ಲಿ ಮತ್ತೆ ಇಳಿಸುವುದು ತಪ್ಪುತ್ತದೆ.

## ಇಷ್ಟಾದರೂ ಸಾಲದಿದ್ದರೆ

ಖರ್ಚಿಗೂ ಕ್ರಮವಿದೆ. ಒಂದೇ ರ‍್ಯಾಮ್ ಸ್ಟಿಕ್ ಇದ್ದರೆ ಮೊದಲು ಅದಕ್ಕೆ ಜೋಡಿ ತನ್ನಿ, ಅದೇ ಗಾತ್ರ, ಅದೇ ವೇಗದ್ದು. ಆಟ ಹಾರ್ಡ್ ಡಿಸ್ಕಿನಲ್ಲಿದ್ದರೆ ಎಸ್‌ಎಸ್‌ಡಿ. ಅಗ್ಗದ ಸಾಟಾ ಎಸ್‌ಎಸ್‌ಡಿಯೂ ಸಾಕು. ಗ್ರಾಫಿಕ್ಸ್ ಕಾರ್ಡ್ ಆಮೇಲೆ, ಅದೂ ನಾಲ್ಕನೇ ಹಂತದಲ್ಲಿ ತಡೆ ಜಿಪಿಯುವಿನಲ್ಲೇ ಇದೆ ಎಂದು ಖಚಿತವಾಗಿದ್ದರೆ. ಸಿಪಿಯು ಸುಸ್ತಾಗಿರುವ ಪಿಸಿಗೆ ಎಷ್ಟೇ ದುಬಾರಿ ಕಾರ್ಡ್ ಹಾಕಿದರೂ ಎಫ್‌ಪಿಎಸ್ ಏರದು. ಕೊಳ್ಳುವ ಮುನ್ನ ಪವರ್ ಸಪ್ಲೈನ ವ್ಯಾಟ್ ಮತ್ತು ಅದರಲ್ಲಿ 6 ಅಥವಾ 8 ಪಿನ್ ಕನೆಕ್ಟರ್ ಇದೆಯೇ ನೋಡಿಕೊಳ್ಳಿ. ಸೆಕೆಂಡ್ ಹ್ಯಾಂಡ್ ಕಾರ್ಡ್ ಆದರೆ ದುಡ್ಡು ಕೊಡುವ ಮೊದಲು ಮಾರುವವರ ಎದುರೇ ಇಪ್ಪತ್ತು ನಿಮಿಷ ಭಾರದ ಆಟ ಓಡಿಸಿ. ತಾಪ, ಕ್ಲಾಕ್ ನೋಡಿ. ಪರದೆಯಲ್ಲಿ ಬಣ್ಣದ ಚುಕ್ಕೆ ಬಂದರೆ, ಪೋರ್ಟಿನ ಸುತ್ತ ತುಕ್ಕು ಕಂಡರೆ ತೆಗೆದುಕೊಳ್ಳಬೇಡಿ.